ಪುರುಡಿನ ಗುರುವಾರ

ನನ್ನ ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನಾನು ಒಂದು ಮುಚ್ಚಿದ ಬಾಗಿಲಿನ ಎದುರು ಕೂತಿದ್ದೆ.

ಬಾಗಿಲಿನ ಆಚೆ ನನ್ನ ಮಗನಿದ್ದ. ಕುಡಿತ ಬಿಟ್ಟವರು, ಬಿಡಬೇಕೆಂದಿರುವವರು ಸುತ್ತ ಕುರ್ಚಿ ಹಾಕಿಕೊಂಡು ಕೂತು ಮಾತಾಡುವ ಕೋಣೆ ಅದು. ಅಡ್ಯಾರಿನಲ್ಲಿ, ಒಂದು ಸ್ಕೂಲಿನ ಹಿಂದಿನ ಬೀದಿಯಲ್ಲಿ, ಮೊದಲನೇ ಮಹಡಿ. ಎಲ್ಲರೂ ಅದನ್ನು ಗ್ರೂಪು ಅನ್ನುತ್ತಾರೆ. ಪ್ರತಿ ಗುರುವಾರ ಸಂಜೆ ನಡೆಯುತ್ತದೆ. ಜೊತೆಗೆ ಬಂದ ಮನೆಯವರು ಹೊರಗೆ ವರಾಂಡದ ಬೆಂಚಿನ ಮೇಲೆ ಕೂರಬೇಕು. ಒಳಗೆ ಆಡಿದ ಮಾತು ಹೊರಗೆ ಬರಬಾರದು, ಹೊರಗಿನ ಗಲಾಟೆ ಒಳಗೆ ಹೋಗಬಾರದು. ಅದಕ್ಕೇ ಒಳಗೆ ಹೋಗುವವರೆಲ್ಲ ತಮ್ಮ ಫೋನುಗಳನ್ನು ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಿಟ್ಟು ಹೋಗುತ್ತಾರೆ. ಬುಟ್ಟಿ ನಮ್ಮ ಬೆಂಚಿನ ಮೇಲೆಯೇ ಇರುತ್ತದೆ.

ಮೊದಲು ಆ ಬುಟ್ಟಿ ಗುರ್ರೆಂದಿತು. ನನ್ನ ಮಗನ ಫೋನು. ಮುಟ್ಟಬಾರದು ಅಂತ ಸುಮ್ಮನಿದ್ದೆ. ಅದು ನಿಂತ ಕೂಡಲೇ ನನ್ನ ಚೀಲದೊಳಗಿನ ಫೋನು ಕೂಗಿಕೊಂಡಿತು. ಬೀಗಿತ್ತಿ ಮಾತಾಡಿದರು.

"ಹೆಣ್ಣು ಕೂಸು ಕಣ್ರೀ! ಇನ್ನೂ ಟೈಮಿದೆ ಅಂದಿದ್ರು ಡಾಕ್ಟರು, ಅದಕ್ಕೆ ಮುಂಚೇನೇ ಬಂದ್ಬಿಟ್ಳು. ಇಬ್ರೂ ಚೆನ್ನಾಗಿದಾರೆ. ಮೂಗು ನಿಮ್ದೇ!"

ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಆ ಹೊತ್ತಿನ ಸಂತೋಷವನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ. ಮೈಯೊಳಗೆ ಹಾಲು ಕಾದು ಉಕ್ಕಿದ ಹಾಗಾಯಿತು. ಎದ್ದೆ, ಕೂತೆ, ಮತ್ತೆ ಎದ್ದೆ. ಕೆಳಗೆ ಬೀದಿಯಲ್ಲಿ ಆಟೋದವನೊಬ್ಬ ಟೀ ಕುಡಿಯುತ್ತಿದ್ದ. ವರಾಂಡದಿಂದ ಬಗ್ಗಿ ಅವನಿಗೇ ಹೇಳಿಬಿಟ್ಟೆ, "ಪೇತ್ತಿ ಪೊರಂದಿರುಕ್ಕಾ!" ಮೊಮ್ಮಗಳು ಹುಟ್ಟಿದ್ದಾಳೆ ಅಂತ, ಈ ಊರಿನ ತಮಿಳಿನಲ್ಲಿ. ಅವನು ಟೀ ಲೋಟ ಮೇಲೆತ್ತಿ ತೋರಿಸಿ ನಕ್ಕ.

ಬಾಗಿಲು ಬಡಿಯಬೇಕು ಅಂತ ಕೈ ಎತ್ತಿದವಳು ಹಾಗೇ ನಿಂತೆ. ಅದೇ ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದ ಒಬ್ಬ ತಾಯಿ ನೆನಪಾದಳು.

ಅವಳ ಹೆಸರು ನನಗೆ ಗೊತ್ತಿರಲಿಲ್ಲ, ಕೇಳುವ ಪದ್ಧತಿಯೂ ಅಲ್ಲಿಲ್ಲ. ಹುರಿದ ಕಡಲೆಕಾಯಿ ತರುತ್ತಿದ್ದಳು, ಸಿಪ್ಪೆ ಬಿಡಿಸಿ ನನ್ನ ಅಂಗೈಗೆ ಹಾಕುತ್ತಿದ್ದಳು. ಒಂದು ದಿನ, "ಮಗಳ ಮದುವೆ ಗೊತ್ತಾಗಿದೆ ಅಕ್ಕ, ಮುಂದಿನ ವಾರ ನನ್ನ ಮಗ ಬರಲ್ಲ, ಒಂದೇ ವಾರ" ಅಂದಳು. ಮುಖವೆಲ್ಲ ಸಂಭ್ರಮ. ಆ ಒಂದು ವಾರ ಮುಗಿಯಲೇ ಇಲ್ಲ. ಪ್ರತಿ ಗುರುವಾರ ಬಾಗಿಲು ತೆರೆದಾಗ ಅವಳ ಮಗನ ಕುರ್ಚಿ ಖಾಲಿ ಕಾಣುತ್ತಿತ್ತು. ಬಾರದವರ ಕುರ್ಚಿಯನ್ನು ಅಲ್ಲಿ ತೆಗೆಯುವುದಿಲ್ಲ, ಬದುಕಿರುವ ತನಕ ಹಾಗೇ ಬಿಟ್ಟಿರುತ್ತಾರೆ. ಆಮೇಲೆ ಒಂದು ಗುರುವಾರ ಎಲ್ಲರೂ ಎದ್ದು ನಿಂತಿದ್ದರು, ಇಬ್ಬರು ಆ ಕುರ್ಚಿಯನ್ನು ಎತ್ತಿ ಗೋಡೆಯ ಪಕ್ಕಕ್ಕೆ ಇಟ್ಟರು. ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ಮಗನನ್ನು ನಾನು ಏನೂ ಕೇಳಲಿಲ್ಲ. ಕುರ್ಚಿ ಎತ್ತಿದ ಮೇಲೆ ಕೇಳುವುದಕ್ಕೇನಿದೆ?

ಹಾಗಾಗಿ ಬಾಗಿಲು ತಾನಾಗಿ ತೆರೆಯುವ ತನಕ ಸಂತೋಷವನ್ನು ಬಾಯೊಳಗೆ ಬಿಸಿ ತುತ್ತಿನ ಹಾಗೆ ಇಟ್ಟುಕೊಂಡು ಕೂತೆ. ತೆರೆದದ್ದೇ ತಡ, "ಲೋ, ಅಪ್ಪ ಆದೆ ಕಣೋ! ಹೆಣ್ಣು ಕೂಸು!" ಅಂತ ಕೂಗಿದೆ. ನನ್ನ ಮಗ ಬಾಗಿಲ ಚೌಕಟ್ಟು ಹಿಡಿದುಕೊಂಡ. ಒಳಗಿದ್ದ ಗಂಡಸರೆಲ್ಲ ಅವನ ಮೇಲೆ ಬಿದ್ದರು, ಒಬ್ಬ ಬೆನ್ನಿಗೆ ಗುದ್ದಿದ, ಒಬ್ಬ ಅಪ್ಪಿಕೊಂಡ, ಗ್ರೂಪು ನಡೆಸುವ ಮೇಡಂ ಕೂಡ ಕಣ್ಣೊರೆಸಿಕೊಂಡರು.

ಒಬ್ಬರು ಮಾತ್ರ ನಗಲಿಲ್ಲ. ಎಣ್ಣೂರಿನವರು, ಅಲ್ಲಿಯ ಕರೆಂಟು ಉತ್ಪಾದಿಸುವ ಕಾರ್ಖಾನೆಯಲ್ಲಿ ಬೂದಿ ಸಾಗಿಸುವ ಕೆಲಸ ಮಾಡಿ ರಿಟೈರಾದವರು. ಗ್ರೂಪಿನಲ್ಲಿ ಎಲ್ಲರಿಗಿಂತ ಹಳಬರು, ಎಲ್ಲರೂ ಅಣ್ಣ ಅನ್ನುತ್ತಿದ್ದರು. ಬುಟ್ಟಿಯಿಂದ ರಬ್ಬರ್ ಬ್ಯಾಂಡ್ ಸುತ್ತಿದ ತಮ್ಮ ಹಳೇ ಬಟನ್ ಫೋನನ್ನು ಎತ್ತಿಕೊಂಡು ಬಂದು ನನ್ನ ಮಗನ ಕೈ ಹಿಡಿದುಕೊಂಡರು.

"ತಂಬಿ, ಮುಂದಿನ ಗುರುವಾರ ಬಾ."

ಅಷ್ಟೇ. ಒಳ್ಳೇದಾಗಲಿ ಅಂತ ಒಂದು ಮಾತಿಲ್ಲ. ಎಂಥಾ ಮನುಷ್ಯನಪ್ಪಾ ಅಂದುಕೊಂಡೆ. ಆದರೆ ಮೆಟ್ಟಿಲು ಇಳಿಯುವಾಗ ಆ ಮಾತು ಕಾಲಿಗೆ ಸುತ್ತಿಕೊಂಡ ದಾರದ ಹಾಗೆ ನನ್ನ ಜೊತೆಯೇ ಇಳಿಯಿತು.

ನನ್ನ ಸೊಸೆ ಹೆರಿಗೆಗೆ ಮುಂಚೆಯೇ ನಮ್ಮ ಪೆರಂಬೂರಿನ ಮನೆ ಬಿಟ್ಟು ಅಡ್ಯಾರಿನ ತವರಿಗೆ ಹೋಗಿದ್ದಳು. ಬಸುರಿ ಅಂತ ಹೋದದ್ದಲ್ಲ. ಒಂದು ಸಂಜೆ ಇವನು ಕುಡಿದು ಬಂದು ಅಡಿಗೆಮನೆಯಲ್ಲಿ ಬಿದ್ದ, ಬೀಳುವಾಗ ಅವಳ ಹೊಟ್ಟೆಗೆ ಒಂದು ಗೇಣು ಪಕ್ಕದಲ್ಲಿ ಬಿದ್ದ. ಅವಳು ಅಳಲಿಲ್ಲ, ಬಯ್ಯಲಿಲ್ಲ. ಬಟ್ಟೆ ಮಡಿಸಿ ಚೀಲಕ್ಕೆ ಹಾಕುತ್ತಾ ನನಗೆ ಹೇಳಿದಳು:

"ಅತ್ತೆ, ಅವ್ರು ಕುಡಿಯಲ್ಲ ಅಂತ ನೀವು ನಂಗೆ ಪ್ರಾಮಿಸ್ ಮಾಡ್ಬೇಡಿ. ಅದು ನಿಮ್ ಕೈಲಿಲ್ಲ. ಗ್ರೂಪಿಗೆ ಸೇರ್ಸಿ. ಹೋಗ್ತಾ ಇರೋ ತನಕ ನಾನೂ ಪಾಪಾನೂ ಬರ್ತೀವಿ ಅಂತ ಇಟ್ಕೊಳ್ಳಿ. ಹೇಳ್ದೆ ಕೇಳ್ದೆ ಬಿಟ್ರೆ, ಪಾಪಾ ಪೆರಂಬೂರ್ ಮನೆ ನೋಡಲ್ಲ."

ಇಲ್ಲೇ ಹುಟ್ಟಿ ಇಲ್ಲೇ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುವವಳು. ಮಗುವಿಗೆ ಪಾಪಾ ಅನ್ನುತ್ತಾಳೆ, ಮಾತು ಮೆತ್ತಗೆ, ಆದರೆ ಒಂದು ಸಲ ಆಡಿದರೆ ಆಡಿದ್ದೇ.

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳು ಮೊದಲ ಸಲ ನೋಡಿದ್ದನ್ನು ನಾನು ಒಂದು ಬಾಳು ಪೂರ್ತಿ ನೋಡಿದವಳು. ನನ್ನ ಗಂಡ ರೈಲ್ವೆ ಕಾರ್ಖಾನೆಯಲ್ಲಿ ಬೋಗಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಕುಡಿದ ದಿನ ಬರಿಗಾಲಲ್ಲಿ ಮನೆಗೆ ಬರುತ್ತಿದ್ದರು, ಚಪ್ಪಲಿ ಸಾರಾಯಿ ಅಂಗಡಿಯಲ್ಲೇ ಉಳಿದಿರುತ್ತಿತ್ತು. ಚಪ್ಪಲಿಯ ಸದ್ದಿಲ್ಲದೆ ಬಾಗಿಲ ಬಳಿ ಯಾರೋ ಬಂದು ನಿಂತರೆಂದರೆ ನನಗೆ ತಿಳಿಯುತ್ತಿತ್ತು. ಬೆಳಗ್ಗೆ ನನ್ನ ಮಗ ಸ್ಕೂಲಿಗೆ ಹೋಗುವ ಮುಂಚೆ ಆ ಅಂಗಡಿಗೆ ಹೋಗಿ, ಮೇಜಿನ ಕೆಳಗೆ ನುಸುಳಿ, ಅಪ್ಪನ ಚಪ್ಪಲಿ ಹುಡುಕಿ ತಂದು ಬಾಗಿಲಲ್ಲಿ ಜೋಡಿಸಿ ಇಡುತ್ತಿದ್ದ. ಕೊನೆಯ ಸಲ ತಂದು ಇಟ್ಟಾಗ ಹಾಕಿಕೊಳ್ಳುವವರು ಆಸ್ಪತ್ರೆಯಲ್ಲಿದ್ದರು. ಅಲ್ಲಿಂದ ಅವರು ವಾಪಸು ಬರಲಿಲ್ಲ. ಆ ಜೋಡಿ ಮಳೆ ಬಿಸಿಲಿಗೆ ಬಾಗಿಲಲ್ಲೇ ಸುರುಟಿಕೊಂಡಿತು.

ಅದೇ ಮಗ ದೊಡ್ಡವನಾದ ಮೇಲೆ ಕುಡಿದ.

ಗ್ರೂಪು ಅಂದರೆ ಹೋಗಿ ಕೂತುಬಿಡುವುದು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಮೊದಲು ಆಸ್ಪತ್ರೆಯಲ್ಲಿ ಮಲಗಿಸಿ ಮೈಯೊಳಗಿನ ವಿಷ ಇಳಿಸಿದರು. ಆಮೇಲೆ ಮೇಡಂ ಅವನೊಬ್ಬನನ್ನೇ ಕೂರಿಸಿಕೊಂಡು ಹಲವು ಸಲ ಮಾತಾಡಿದರು. ಅಲ್ಲಿ ಯಾರ್ಯಾರು ಇರುತ್ತಾರೆ, ಏನು ಕೇಳುತ್ತಾರೆ, ಮೊದಲ ದಿನ ಎಷ್ಟು ನಾಚಿಕೆಯಾಗುತ್ತದೆ, ಸ್ವಲ್ಪ ದಿನ ಹೋದ ಮೇಲೆ ಇದರಿಂದ ಏನೂ ಉಪಯೋಗ ಇಲ್ಲ ಅಂತ ಹೇಗೆ ಅನಿಸುತ್ತದೆ, ಎಲ್ಲವನ್ನೂ ಮುಂಚೆಯೇ ಹೇಳಿಬಿಟ್ಟರು. "ಹಾಗನ್ನಿಸಿದ ದಿನ ಹೆದರಬೇಡ, ಅದು ಬಂದೇ ಬರುತ್ತದೆ. ಬಿಡಬೇಕು ಅಂದರೂ ಇಲ್ಲಿ ಬಂದು, ಎಲ್ಲರ ಮುಖ ನೋಡಿ, ಬಿಡ್ತೀನಿ ಅಂತ ಹೇಳಿ ಬಿಡು" ಅಂದರಂತೆ.

ಒಂದು ದಿನ ನನ್ನನ್ನೂ ಕರೆಸಿದರು. ಖಾಲಿ ಕೋಣೆ ತೋರಿಸಿ, "ನಿನ್ನ ಕುರ್ಚಿ ನೀನೇ ಆರಿಸಿಕೋ" ಅಂದರು ಅವನಿಗೆ. ಅವನು ಸುತ್ತ ನೋಡಿ ಬಾಗಿಲ ಪಕ್ಕದ್ದರಲ್ಲಿ ಕೂತ.

"ಓಡಿಹೋಗೋಕೆ ಸುಲಭ ಅಂತಾನಾ?" ಮೇಡಂ ನಕ್ಕರು.

"ಇಲ್ಲ ಮೇಡಂ, ಗಾಳಿ ಬರ್ತದೆ."

"ಸರಿ. ಈಗ ಹೇಳು, ಬರದೇ ಇರೋಕೆ ಏನೇನು ನೆಪ ಹೇಳ್ತೀಯ? ಈಗಲೇ ಎಲ್ಲಾ ಹೇಳಿ ಮುಗಿಸಿಬಿಡು. ಆಮೇಲೆ ಹೊಸದು ಸಿಗಬಾರದು."

ಅವನು ಓವರ್‌ಟೈಮ್ ಅಂದ, ಮಳೆ ನೀರು ನಿಂತಿತ್ತು ಅಂದ, ಬಸ್ಸು ಕೆಟ್ಟಿತು ಅಂದ. ಅವರು ತಲೆದೂಗುತ್ತಾ ಕೇಳಿಸಿಕೊಂಡರು. ಆಮೇಲೆ ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದರು.

"ಅಮ್ಮಾ, ನಿಮ್ಮ ಮನೆ ಏನು ನೆಪ ಕೊಡುತ್ತೆ?"

"ನಮ್ಮನೆಯಾ? ನಾವ್ಯಾಕೆ ಕೊಡ್ತೀವಿ ಮೇಡಂ? ಕೈಕಾಲು ಕಟ್ಟಿ ಹೊತ್ಕೊಂಡು ಬರ್ತೀನಿ."

"ಕಷ್ಟ ಬಂದಾಗ ಹೊತ್ಕೊಂಡು ಬರ್ತೀರ. ಮನೇಲಿ ಒಳ್ಳೇದು ಆದಾಗ?"

ಒಳ್ಳೇದಾದಾಗ ಏನು ಮೇಡಂ ಭಯ ಅಂತ ನಕ್ಕುಬಿಟ್ಟೆ.

ಅಲ್ಲಿ ಇನ್ನೊಂದು ಪದ್ಧತಿಯಿದೆ. ಹೊಸಬನಿಗೆ ಒಬ್ಬ ಹಳಬನನ್ನು ಜೊತೆ ಹಾಕುತ್ತಾರೆ. ನನ್ನ ಮಗನಿಗೆ ಸಿಕ್ಕವರು ಎಣ್ಣೂರಿನ ಅಣ್ಣ. ಹೊಸಬ ಬರದೇ ಹೋದ ದಿನ ಹಳಬ ಅವನಿಗೆ ಫೋನ್ ಮಾಡಬೇಕು. ಫೋನ್ ಮಾಡಿ ಬೇರೇನೂ ಹೇಳಬಾರದು. ಆ ದಿನ ತನಗೆ ಯಾವ ಮಾತು ಹೇಳಬೇಕು ಅನ್ನುವುದನ್ನು ಹೊಸಬನೇ, ಬುದ್ಧಿ ಸರಿಯಿರುವಾಗ, ಮುಂಚೆಯೇ ಆರಿಸಿ ಕೊಟ್ಟಿರಬೇಕು. ನನ್ನ ಮಗ ಬಹಳ ಹೊತ್ತು ಯೋಚಿಸಿ ಅಣ್ಣನ ಕಿವಿಯಲ್ಲಿ ಏನೋ ಹೇಳಿದ. ಅವರು ಒಮ್ಮೆ ನನ್ನ ಕಡೆ ನೋಡಿ ಕಣ್ಣು ಕೆಳಗೆ ಮಾಡಿದರು. ಅದೇನು ಅಂತ ನನಗೆ ಯಾರೂ ಹೇಳಲಿಲ್ಲ.

ಆಮೇಲಿನಿಂದ ಪ್ರತಿ ಗುರುವಾರ ನಾವಿಬ್ಬರೂ ಪೆರಂಬೂರಿನಿಂದ ಬಸ್ಸು ಹತ್ತುತ್ತಿದ್ದೆವು. ನಾನು ಜೊತೆಗಿಲ್ಲದಿದ್ದರೆ ಇವನು ನಡುವೆ ಇಳಿದುಬಿಟ್ಟಾನು ಅಂತ ನನಗೆ ಭಯ. ಮಳೆಯಲ್ಲಿ ಹೋದೆವು, ನನಗೆ ಜ್ವರವಿದ್ದಾಗ ಹೋದೆವು. ಕಷ್ಟದಲ್ಲೆಲ್ಲ ಹೋದೆವು. ಹಾಗೆ ಹೋಗಿದ್ದ ಒಂದು ದಿನವೇ ಕೂಸು ಹುಟ್ಟಿದ್ದು.

ಗ್ರೂಪು ಬಿಟ್ಟ ಕೂಡಲೇ ಆಸ್ಪತ್ರೆಗೆ ಓಡಿದೆವು. ಕೆಂಪು ಮುಖ, ತಲೆ ತುಂಬಾ ಕೂದಲು, ಮುಷ್ಟಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನನ್ನ ಬೆರಳು ಕೊಟ್ಟೆ, ಬಿಡಲೇ ಇಲ್ಲ. ಎಂಥಾ ಹಿಡಿತ ಅಂತೀರಿ! ಯಾರು ಬಂದರೂ ಅದನ್ನೇ ಹೇಳಿದೆ, "ನೋಡ್ರೀ ಬಿಡ್ತಾನೇ ಇಲ್ಲ, ಬಿಡ್ತಾನೇ ಇಲ್ಲ." ಸೊಸೆ ಸುಸ್ತಾಗಿ ಮಲಗಿದ್ದವಳು ಗಂಡನನ್ನು ನೋಡಿ ಕೇಳಿದ ಮೊದಲ ಮಾತು, "ಗ್ರೂಪ್ ಮುಗಿಸ್ಕೊಂಡೇ ಬಂದ್ರಾ?" ಅವನು ಹೂಂ ಅಂದ. ಅವಳು ಕಣ್ಣು ಮುಚ್ಚಿದಳು.

ಮಾರನೆಯ ದಿನವೇ ನನ್ನ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಮೈಸೂರಿನಿಂದ ಬಂದಿಳಿದರು. ನಮ್ಮ ಮನೆಯಲ್ಲಿ ಮಡಿ, ಮೈಲಿಗೆ, ಸೂತಕ ಎಲ್ಲದಕ್ಕೂ ಅವರದೇ ಕೊನೆಯ ಮಾತು. ಚೀಲ ಕೆಳಗಿಡುವ ಮುಂಚೆಯೇ ಶುರು ಮಾಡಿದರು.

"ಪುರುಡು ಕಣೇ. ಹನ್ನೊಂದನೇ ದಿನ ಶುದ್ಧಿ ಆಗೋಗಂಟ ಇವನು ಎಲ್ಲೂ ನಾಕು ಜನದ ಮಧ್ಯ ಹೋಗಂಗಿಲ್ಲ."

"ಅತ್ಗೆ, ಗುರುವಾರ ಗ್ರೂಪು ಅದೆ."

"ದೇವಸ್ಥಾನಕ್ಕೇ ಹೋಗಂಗಿಲ್ಲ, ಗ್ರೂಪಿಗೆ ಹೋಗ್ತಾನಂತೆ! ಅದೂ ಕುಡುಕ್ರ ಮಧ್ಯ. ಅವರ ಕಣ್ಣು ಹಸುಗೂಸಿನ ಮೇಲೆ ಬಿದ್ರೆ?"

"ಕೂಸು ಅಡ್ಯಾರಲ್ಲಿ ಅದೆ, ಅವರ ಕಣ್ಣು ಹೆಂಗೆ ಬೀಳ್ತದೆ?"

"ಗ್ರೂಪೂ ಅಡ್ಯಾರಲ್ಲೇ ಅಲ್ವೇನೇ ಇರೋದು?"

ನಗು ಬಂತು. ಆದರೆ ನನ್ನ ಮಗನ ಮುಖ ನೋಡಿ ನಗು ಅಲ್ಲೇ ನಿಂತಿತು. ಅವನು ಕೈಕಟ್ಟಿಕೊಂಡು, ತುಂಬಾ ವಿನಯದಿಂದ ಹೇಳಿದ, "ಅತ್ತೆ ಹೇಳೋದು ಸರಿಯವ್ವ. ದೊಡ್ಡೋರು. ಶಾಸ್ತ್ರ ಮೀರ್ಬಾರದು."

ಹುಟ್ಟಿದಾಗಿನಿಂದ ಅವನು ಅವರ ಒಂದು ಮಾತನ್ನೂ ಕೇಳಿದವನಲ್ಲ. ಅವರು ಕೂರು ಅಂದರೆ ಏಳುತ್ತಿದ್ದ, ಶನಿವಾರದ ಪೂಜೆಯ ದಿನ ಹೋಟೆಲಿನಲ್ಲಿ ತಿಂದು ಬಂದು ಅವರ ಮುಂದೆಯೇ ತೇಗಿದವನು. ಅಂಥವನ ಬಾಯಲ್ಲಿ ಶಾಸ್ತ್ರ! ಒಲೆಯ ಮುಂದೆ ನಿಂತಿದ್ದವಳು ಉರಿ ಆರಿಸಿದೆ. ನಿಮ್ಮ ಮನೆ ಏನು ನೆಪ ಕೊಡುತ್ತೆ ಅಂತ ಮೇಡಂ ಕೇಳಿದ್ದು ಇದನ್ನೇ. ಅವರಿಗೆ ಪುರುಡು ಅನ್ನುವ ಪದ ಗೊತ್ತಿರಲಿಲ್ಲ, ಅಷ್ಟೇ.

ಆ ವಾರವೆಲ್ಲ ಮನೆ ತುಂಬಾ ಸಂತೋಷ. ಫೋನಿನಲ್ಲಿ ಕೂಸಿನ ಪಟ ಬರುತ್ತಿತ್ತು, ಆಕಳಿಸಿದ್ದು, ಸೀನಿದ್ದು, ನಿದ್ದೆಯಲ್ಲಿ ನಕ್ಕದ್ದು. ನಾನು ಹಾಲಿನವನಿಗೆ, ಇಸ್ತ್ರಿಯವನಿಗೆ, ಎದುರು ಮನೆಯ ರೈಲ್ವೆ ಗಾರ್ಡಿನ ಹೆಂಡತಿಗೆ ತೋರಿಸಿದೆ. ಆದರೆ ಆ ಸಂತೋಷದ ಅಡಿಯಲ್ಲಿ ಏನೋ ಅಲುಗಾಡುತ್ತಿತ್ತು. ನನ್ನ ಮಗ ಸ್ನಾನದ ಮನೆಯಲ್ಲಿ ಸಿಳ್ಳೆ ಹಾಕುತ್ತಿದ್ದ. ಫೋನು ಬಂದರೆ ಎದ್ದು ಮೆಟ್ಟಿಲ ಬಳಿ ಹೋಗಿ ಮಾತಾಡುತ್ತಿದ್ದ. "ಆಯ್ತು ಮಚ್ಚಾ, ಕೊಡ್ತೀನಿ ಮಚ್ಚಾ, ಅಪ್ಪ ಆಗಿರೋದು ನಾನಲ್ವಾ" ಅನ್ನುವುದು ಕೇಳಿಸುತ್ತಿತ್ತು. ಅಪ್ಪನ ಹಾಗೆ ಅವನೂ ರೈಲ್ವೆ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ; ರಜೆ ಹಾಕಿ ಮನೆಯಲ್ಲಿದ್ದವನು ಅಲ್ಲಿಯ ಸೈರನ್ ಕೂಗಿದಾಗಲೆಲ್ಲ ಶೆಡ್ಡಿನ ಗೆಳೆಯರು ಕೆಲಸ ಬಿಡುವ ಹೊತ್ತು ಅಂತ ಕಿಟಕಿ ನೋಡುತ್ತಿದ್ದ. ಅವನ ಅಪ್ಪನೂ ಹೀಗೆಯೇ ನೋಡುತ್ತಿದ್ದರು.

ಗುರುವಾರ ಮಧ್ಯಾಹ್ನ ಗಡ್ಡ ಬೋಳಿಸಿಕೊಂಡ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡ. ಸೆಂಟು ಹೊಡೆದುಕೊಂಡ. ಅಂಗಡಿಯಿಂದ ತಂದ ಮೈಸೂರು ಪಾಕಿನ ಡಬ್ಬ ಕಂಕುಳಲ್ಲಿ ಇಟ್ಟುಕೊಂಡ.

"ಎಲ್ಲಿಗೋ?"

"ಶೆಡ್ ಹುಡುಗ್ರಿಗೆ ಸ್ವೀಟ್ ಕೊಟ್ಬುಟ್ಟು ಬತ್ತೀನಿ."

"ಪುರುಡಿರೋನು ಗ್ರೂಪಿಗೆ ಹೋಗಂಗಿಲ್ಲ, ಸ್ವೀಟ್ ಕೊಡಕ್ಕೆ ಹೋಗ್ಬೋದಾ?"

"ಅಂಗ್ಡಿ ಸ್ವೀಟಿಗೆ ಪುರುಡಿಲ್ಲ ಕಣವ್ವ" ಅಂತ ನನ್ನ ಕೆನ್ನೆ ಹಿಂಡಿ ನಕ್ಕ.

"ಮೇಡಂಗೆ ಹೇಳಿದ್ಯಾ, ಬರಲ್ಲ ಅಂತ? ಮುಖ ನೋಡಿ ಹೇಳ್ಬೇಕು ಅಂದಿದ್ರು."

"ಒಂದೇ ವಾರ ಅವ್ವ. ಒಂದೇ ವಾರ."

ಕಡಲೆಕಾಯಿ ಬಿಡಿಸಿ ಕೊಡುತ್ತಿದ್ದವಳ ದನಿ ಅವನ ಬಾಯಿಂದ ಬಂದಂತಾಯಿತು. ಬಾಗಿಲಲ್ಲಿ ಅವನು ಹೊಸ ಚರ್ಮದ ಚಪ್ಪಲಿ ಹಾಕಿಕೊಂಡ. ಅವನ ಹುಟ್ಟುಹಬ್ಬಕ್ಕೆ ಹೆಂಡತಿ ಕೊಡಿಸಿದ್ದು. ಟಪ್ ಟಪ್ ಅಂತ ಇಳಿದು ಹೋದ. ಆ ಸದ್ದು ಬೀದಿಯ ತಿರುವಿನ ತನಕ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ನಾನು ಸೀರೆ ಬದಲಿಸಿ ಚೀಲ ಎತ್ತಿಕೊಂಡೆ.

"ನೀನೆಲ್ಲಿಗೆ ಹೊಂಟೆ?" ಅತ್ತಿಗೆ ಕೇಳಿದರು.

"ಅವನು ಹೇಳ್ಬೇಕಾದ್ದನ್ನ ನಾನಾದ್ರೂ ಹೋಗಿ ಹೇಳ್ತೀನಿ."

"ನಿಂಗೂ ಪುರುಡೈತೆ!"

"ಇರ್ಲಿ ಬುಡಿ ಅತ್ಗೆ. ಬಸ್ಸಲ್ಲಿ ಯಾರ್ನೂ ಮುಟ್ಟಲ್ಲ."

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಪ್ರತಿ ವಾರ ಅವನು ಕೂರುತ್ತಿದ್ದ ಕಿಟಕಿಯ ಸೀಟು. ಅರ್ಧ ದಾರಿಯಲ್ಲಿ ಸೊಸೆಯ ಫೋನು ಬಂತು.

"ಅತ್ತೆ, ಬಸ್ ಹತ್ತಿದ್ರಾ?"

"ಹತ್ತಿದ್ದೀನಿ ಕಣಮ್ಮ."

"ಅವ್ರು ಪಕ್ಕದಲ್ಲಿದಾರಾ?"

ಸುಳ್ಳು ಹೇಳಬಹುದಿತ್ತು. ಬಸ್ಸಿನ ಗದ್ದಲದಲ್ಲಿ ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. "ನಾನೊಬ್ಳೇ" ಅಂದೆ.

ಆ ಕಡೆಯಿಂದ ಬಂದದ್ದು ಕೂಸಿನ ಉಸಿರಿನ ಸದ್ದು ಮಾತ್ರ, ಪುಟ್ಟ ಬೆಕ್ಕಿನ ಮರಿಯ ಹಾಗೆ. "ಪಾಪಾ ತೂಂಗ್ತಿದೆ ಅತ್ತೆ, ಇಡ್ತೀನಿ" ಅಂದಳು. ನಿದ್ದೆಗೆ ತೂಂಗುವುದು ಅನ್ನುತ್ತಾಳೆ ನನ್ನ ಸೊಸೆ, ಇಲ್ಲಿಯವರ ಮಾತು. ಫೋನು ಇಟ್ಟ ಮೇಲೂ ನಾನು ಬಹಳ ಹೊತ್ತು ಅದನ್ನು ಕಿವಿಗೇ ಹಿಡಿದುಕೊಂಡಿದ್ದೆ. ಆ ಉಸಿರನ್ನು ಪೆರಂಬೂರಿನ ಮನೆಯಲ್ಲಿ ಕೇಳುವ ದಿನ ಬರುತ್ತದೋ ಇಲ್ಲವೋ.

ನಾನು ಮೆಟ್ಟಿಲು ಹತ್ತಿದಾಗ ಎಲ್ಲರೂ ಒಳಗೆ ಕೂತಿದ್ದರು. ಬಾಗಿಲ ಪಕ್ಕದ ಕುರ್ಚಿ ಖಾಲಿ. ಮೇಡಂ ಹೊರಗೆ ಬಂದರು, ಹಿಂದೆಯೇ ಎಣ್ಣೂರಿನ ಅಣ್ಣ.

"ಪುರುಡು ಮೇಡಂ" ಅಂದೆ. "ಕೂಸು ಹುಟ್ಟಿದ್ರೆ ನಮ್ಮಲ್ಲಿ ಹೊರಗೆ ಹೋಗ್ಬಾರ್ದು. ಶುದ್ಧಿ ಆಗೋ ತನಕ."

ಮೇಡಂಗೆ ತಿಳಿಯಲಿಲ್ಲ. ಅಣ್ಣನಿಗೆ ತಿಳಿಯಿತು. "ತೀಟ್ಟು" ಅಂದರು ತಮಿಳಿನಲ್ಲಿ, ಮೈಲಿಗೆ ಅಂತ. ಆಮೇಲೆ ನನ್ನ ಕಡೆ ತಿರುಗಿದರು. "ಅಮ್ಮಾ, ಒಳಗೆ ಕೂತಿರೋರನ್ನ ನೋಡಿ. ತೀಟ್ಟು ಇಲ್ಲದೋರು ಒಬ್ಬರಾದ್ರೂ ಇದಾರಾ? ಇನ್ನೊಬ್ಬ ಬಂದ್ರೆ ಈ ರೂಮಿಗೆ ಏನೂ ಆಗಲ್ಲ. ಎಲ್ಲಿದಾನೆ ಅವನು?"

"ಸ್ವೀಟ್ ಕೊಡಕ್ಕೆ ಹೋಗಿದಾನೆ."

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನನ್ನು ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಣ್ಣ ಬುಟ್ಟಿಯಿಂದ ತಮ್ಮ ಫೋನು ತೆಗೆದು, ರಬ್ಬರ್ ಬ್ಯಾಂಡ್ ಬಿಚ್ಚಿ, ಒಂದೊಂದೇ ಬಟನ್ ಒತ್ತಿದರು. ಅವರಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. ರಿಂಗಾಯಿತು, ಆಯಿತು, ಆಯಿತು. ಯಾರೋ ಎತ್ತಿದರು. ಮೊದಲು ಕೇಳಿಸಿದ್ದು ಗಾಜಿನ ಸದ್ದು. ಆಮೇಲೆ ನಗು, ಟಿವಿಯಲ್ಲಿ ಕ್ರಿಕೆಟ್ಟು, "ಅಪ್ಪನಿಗೆ ಒಂದು ಹಾಕ್ರೋ" ಅನ್ನುವ ಒಂದು ದನಿ. ಅದು ನನ್ನ ಮಗನದಲ್ಲ.

"ಹಲೋ?" ಅನ್ನುವುದು ಮಾತ್ರ ಅವನದು.

ಅಣ್ಣ ಫೋನನ್ನು ಬಾಯಿಗೆ ಹತ್ತಿರ ಹಿಡಿದರು. "ತಂಬಿ, ಸೆರುಪ್ಪು ಎಂಗೆ?"

ಚಪ್ಪಲಿ ಎಲ್ಲಿ?

ನನ್ನ ಮಗ ಆರಿಸಿ ಕೊಟ್ಟಿದ್ದ ಮಾತು ಅದು. ಸಾರಾಯಿ ಅಂಗಡಿಯ ಮೇಜಿನ ಕೆಳಗೆ ಸ್ಕೂಲ್ ಚಡ್ಡಿಯಲ್ಲಿ ನುಸುಳುತ್ತಿದ್ದ ಆ ಪುಟ್ಟ ಬೆನ್ನು ಕಣ್ಣ ಮುಂದೆ ಬಂತು. ಫೋನಿನಲ್ಲಿ ಕ್ರಿಕೆಟ್ಟಿನ ಕೂಗು ಜೋರಾಯಿತು, ಆಮೇಲೆ ಲೈನು ಕಟ್ಟಾಯಿತು.

"ಮತ್ತೆ ಮಾಡಿ" ಅಂದೆ.

"ಎತ್ತಿದ ಮೇಲೆ ಒಂದೇ ಸಲ ಅಮ್ಮಾ" ಅಂದರು ಅಣ್ಣ. "ಅದೇ ಒಪ್ಪಂದ." ಫೋನನ್ನು ಬುಟ್ಟಿಗೆ ಹಾಕಿ ಒಳಗೆ ಹೋದರು. ಬಾಗಿಲು ಮುಚ್ಚಿತು.

ಬೆಂಚಿನ ಮೇಲೆ ನಾನೊಬ್ಬಳೇ. ಸ್ಕೂಲು ಬಿಟ್ಟು ಬಹಳ ಹೊತ್ತಾಗಿತ್ತು, ಬೀದಿಯ ಮರಗಳಲ್ಲಿ ಕಾಗೆಗಳು ಒಟ್ಟಿಗೆ ಕೂಗುತ್ತಿದ್ದವು. ಒಳಗಿನ ಮಾತು ಕೇಳಿಸುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳಿಸುತ್ತಿತ್ತು. ನಾನು ದೇವರನ್ನು ನೆನೆಯಲಿಲ್ಲ, ಪುರುಡಿನಲ್ಲಿ ನೆನೆಯಬಾರದು ಅಂತ ಅತ್ತಿಗೆ ಹೇಳಿದ್ದರು. ಏನೂ ನೆನೆಯದೆ ಮೆಟ್ಟಿಲ ಕಡೆ ನೋಡುತ್ತಾ ಕೂತೆ. ಆಟೋ ಬಂದು ನಿಂತ ಸದ್ದಾದಾಗಲೆಲ್ಲ ಚಪ್ಪಲಿಯ ಟಪ್ ಟಪ್ ಕೇಳಿಸುತ್ತದೆಯೇ ಅಂತ ಕಿವಿಗೊಟ್ಟೆ. ಬಂದವರೆಲ್ಲ ಕೆಳಗಿನ ಮನೆಗೆ ಹೋದರು. ಗೋಡೆಯ ಪಕ್ಕಕ್ಕೆ ಎತ್ತಿಟ್ಟಿದ್ದ ಆ ಕುರ್ಚಿ ನೆನಪಾಗುತ್ತಲೇ ಇತ್ತು. ಅದರ ಒಂದು ಕೈಯ ಮೇಲೆ ಯಾರೋ ಉಗುರಿನಿಂದ ಗೀರಿದ ಗುರುತುಗಳಿದ್ದವು.

ಇನ್ನೊಂದು ಆಟೋ ನಿಂತಿತು. ಹೊರಟುಹೋಯಿತು. ಯಾವ ಸದ್ದೂ ಇಲ್ಲ.

ಸದ್ದೇ ಇಲ್ಲದೆ ಯಾರೋ ಮೆಟ್ಟಿಲು ಹತ್ತುತ್ತಿದ್ದಾರೆ ಅಂತ ನನ್ನ ಮೈಗೆ ತಿಳಿಯಿತು. ಆ ಬರಿಗಾಲಿನ ನಡಿಗೆ ನನಗೆ ಗೊತ್ತು. ನನ್ನ ಗಂಡ ಸತ್ತು ಎಷ್ಟೋ ವರ್ಷವಾಗಿತ್ತು, ಆದರೂ ಅವರೇ ಬಂದರು ಅಂದುಕೊಂಡೆ. ಮೊದಲು ತಲೆ ಕಾಣಿಸಿತು, ಆಮೇಲೆ ಬೆವರಿನಲ್ಲಿ ಮೈಗಂಟಿದ ಇಸ್ತ್ರಿ ಶರ್ಟು, ಆಮೇಲೆ ಕಾಲು. ಚಪ್ಪಲಿಯಿಲ್ಲದ ಕಾಲು. ಕಂಕುಳಲ್ಲಿ ಸ್ವೀಟಿನ ಡಬ್ಬ ಹಾಗೇ ಇತ್ತು.

"ಬಾಯಿ ತೋರ್ಸು" ಅಂದೆ.

ಮಗುವಿನ ಹಾಗೆ ಬಾಯಿ ತೆರೆದ. ನಾನು ಮೂಸಿದೆ. ಸೆಂಟು, ಬೆವರು, ತುಪ್ಪ. ಮತ್ತೆ ಮೂಸಿದೆ. ಅಷ್ಟೇ.

"ಹೊಯ್ದಿದ್ರು ಅವ್ವ. ಗ್ಲಾಸು ಕೈಲಿತ್ತು. ಫೋನು ಬಂತು."

"ಚಪ್ಪಲಿ?"

"ಮೇಜಿನ ಕೆಳ್ಗೇ ಇದೆ. ಬಿಚ್ಚಿ ಆರಾಮಾಗಿ ಕೂತಿದ್ದೆ. ಹಾಕ್ಕೊಳಕ್ಕೆ ಅಂತ ಬಗ್ಗಿದ್ರೆ ಮತ್ತೆ ಅಲ್ಲೇ ಕೂತ್ಬುಡ್ತಿದ್ದೆ ಅವ್ವ. ಹಂಗೇ ಎದ್ದು ಬಂದೆ."

ಸ್ವೀಟಿನ ಡಬ್ಬವನ್ನು ನನ್ನ ಬೆಂಚಿನ ಮೇಲೆ ಇಟ್ಟ. ಬಾಗಿಲು ಬಡಿಯಲು ಕೈ ಎತ್ತಿದ, ಬಡಿಯಲಿಲ್ಲ. ನಾನು ಬಡಿದೆ. ಮೇಡಂ ತೆರೆದರು. ಅವನ ಕಣ್ಣು ನೋಡಿದರು, ಕಾಲು ನೋಡಿದರು.

"ಕುಡಿದಿದ್ದೀಯಾ?"

"ಇಲ್ಲ ಮೇಡಂ. ಆದ್ರೆ ಕುಡಿಯೋಕೆ ಅಂತಾನೇ ಹೋಗಿದ್ದೆ."

"ಒಳಗೆ ಬಂದು ಅದನ್ನೇ ಹೇಳು" ಅಂದರು ಮೇಡಂ.

ಬಾಗಿಲು ಮುಚ್ಚುವ ಮುಂಚೆ ನಾನು ಕಂಡದ್ದಿಷ್ಟು. ಎಣ್ಣೂರಿನ ಅಣ್ಣ ಖಾಲಿ ಕುರ್ಚಿಯ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು, ಮೊದಲಿಂದಲೂ ಹಾಗೇ ಕೂತಿದ್ದರೋ ಏನೋ. ನನ್ನ ಮಗ ಬಂದು ಕೂತಾಗ ಕೈ ತೆಗೆದರು.

ನಾನು ಸೊಸೆಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ, ಏನನ್ನೂ ಮುಚ್ಚಲಿಲ್ಲ. ಅಂಗಡಿ, ಗ್ಲಾಸು, ಚಪ್ಪಲಿ, ಬರಿಗಾಲು.

"ಈಗ ಒಳಗಿದಾರಾ?"

"ಒಳಗಿದಾನೆ."

"ಸರಿ ಅತ್ತೆ. ಮುಂದಿನ್ ಗುರುವಾರಾನೂ ನೋಡೋಣ." ಆಮೇಲೆ ಕೇಳಿದಳು, "ಕಾಲಿಗೆ ಏನಾದ್ರೂ ಚುಚ್ಚಿದ್ಯಾ?"

ಆ ಒಂದು ಪ್ರಶ್ನೆ ಕೇಳಿ ನನಗೆ ಅಳು ಬಂತು. ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ.

ಆ ಚಪ್ಪಲಿ ತರಲು ಯಾರೂ ಹೋಗಲಿಲ್ಲ. ಇವತ್ತಿಗೂ ಹೋಗಿಲ್ಲ.

ಶುದ್ಧಿ ಆಯಿತು. ತೊಟ್ಟಿಲ ಶಾಸ್ತ್ರಕ್ಕೆ ಅತ್ತಿಗೆ ಗುರುವಾರವೇ ಒಳ್ಳೆಯದು ಅಂತ ಹಟ ಹಿಡಿದರು. ಬೇರೆ ಯಾವ ವಾರವಾದರೂ ಸರಿ, ಗುರುವಾರ ಬೇಡ ಅಂದೆ. "ಒಳ್ಳೇ ದಿನ ಕಣೇ ಅದು!" ಅಂದರು. "ಅದಕ್ಕೇ ಬೇಡ ಅತ್ಗೆ" ಅಂದೆ. ಅವರು ನನ್ನ ಜೊತೆ ಮಾತು ಬಿಟ್ಟರು, ಕೂಸಿನ ಮುಖ ನೋಡಿ ಮತ್ತೆ ಶುರು ಮಾಡಿದರು.

ಗುರುವಾರಗಳು ಒಂದರ ಹಿಂದೆ ಒಂದು ಹೋದವು. ಸೊಸೆ ಒಂದೊಂದನ್ನೂ ನೋಡಿದಳು. ಆಮೇಲೆ ಒಂದು ಬೆಳಗ್ಗೆ, ಹೇಳದೆ ಕೇಳದೆ, ಕೂಸನ್ನು ಎತ್ತಿಕೊಂಡು ಆಟೋದಿಂದ ನಮ್ಮ ಬಾಗಿಲಲ್ಲಿ ಇಳಿದಳು. ನಾನು ಆರತಿ ತಟ್ಟೆ ತರಲು ಓಡಿ, ಕೈಗೆ ಸಿಕ್ಕಿದ ಅನ್ನದ ತಟ್ಟೆಗೇ ಕುಂಕುಮದ ನೀರು ಕಲಸಿಕೊಂಡು ಬಂದೆ. ಸೊಸೆ ನಕ್ಕು ನಕ್ಕು ಕೂಸನ್ನೇ ನನ್ನ ಕೈಗೆ ಹಾಕಿದಳು. ಈಗ ಕೂಸು ಮನೆ ತುಂಬಾ ಅಂಬೆಗಾಲಿಡುತ್ತಾಳೆ. ಎರಡು ಹಲ್ಲು ಬಂದಿವೆ. ನನ್ನನ್ನು ಕಂಡರೆ ಹೊಟ್ಟೆಯೆಲ್ಲ ಕುಣಿಸಿ ನಗುತ್ತಾಳೆ. ಅವಳನ್ನು ಪಕ್ಕದಲ್ಲೇ ಮಲಗಿಸಿಕೊಂಡು ಆ ಉಸಿರನ್ನು ಕೇಳುತ್ತೇನೆ. ನನಗಿಂತ ಸುಖಿ ಈ ಪೆರಂಬೂರಿನಲ್ಲಿ ಯಾರಿದ್ದಾರೆ ಹೇಳಿ?

ಆದರೆ ಕಳೆದ ವಾರ ಬೆಂಚಿನ ಮೇಲೆ ಕೂತಿದ್ದಾಗ ಬುಟ್ಟಿಯೊಳಗೆ ನೋಡಿದೆ. ರಬ್ಬರ್ ಬ್ಯಾಂಡ್ ಸುತ್ತಿದ ಫೋನು ಇರಲಿಲ್ಲ. ಅದರ ಹಿಂದಿನ ವಾರ ಅಣ್ಣ ನನಗೆ ಲಡ್ಡು ಕೊಟ್ಟಿದ್ದರು, ಅವರ ಮಗನಿಗೆ ಬಂದರಿನಲ್ಲಿ ಕೆಲಸ ಸಿಕ್ಕಿತ್ತು. ಮುಖವೆಲ್ಲ ಬೆಳಕು ಹರಿದಂತಿತ್ತು. ಬಾಗಿಲು ತೆರೆದಾಗ ನೋಡಿದೆ, ಅವರ ಕುರ್ಚಿ ಖಾಲಿ. ಫೋನು ಮಾಡಿದರೂ ಎತ್ತಲಿಲ್ಲ ಅಂತ ನನ್ನ ಮಗನ ಮುಖವೇ ಹೇಳುತ್ತಿತ್ತು. ಈ ವಾರ ಎತ್ತದಿದ್ದರೆ ಗ್ರೂಪಿಗೆ ಮುಂಚೆ ಎಣ್ಣೂರಿಗೇ ಹೋಗಿ ಕರೆದುಕೊಂಡು ಬರುತ್ತಾನಂತೆ. ಹಳಬರೂ ತಮ್ಮ ಮಾತನ್ನು ಒಬ್ಬರಿಗೆ ಕೊಟ್ಟಿಡಬೇಕು, ಅಣ್ಣ ತಮ್ಮದನ್ನು ನನ್ನ ಮಗನಿಗೇ ಕೊಟ್ಟಿದ್ದಾರೆ. ಏನು ಅಂತ ನಾನು ಕೇಳುವುದಿಲ್ಲ.

ಇವತ್ತು ಗುರುವಾರ. ಬೆಳಗ್ಗೆಯಿಂದ ಅವರ ಫೋನು ರಿಂಗಾಗುತ್ತಿದೆ, ಎತ್ತುತ್ತಿಲ್ಲ. ನನ್ನ ಮಗ ಎಣ್ಣೂರಿಗೆ ಹೊರಡಲು ಬಾಗಿಲಿಗೆ ಬಂದರೆ ಕೂಸು ಅವನ ಒಂದು ಚಪ್ಪಲಿಯನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಾಳೆ. ಅವನು ಮಂಡಿಯೂರಿ, "ಕೊಡು ಕಂದ, ತಡ ಆಗ್ತದೆ" ಅನ್ನುತ್ತಿದ್ದಾನೆ. ಅವಳು ನಗುತ್ತಿದ್ದಾಳೆ, ಬಿಡುತ್ತಿಲ್ಲ. ಎಂಥಾ ಹಿಡಿತ! ಸೊಸೆಯೂ ನಗುತ್ತಿದ್ದಾಳೆ, ನಾನೂ ನಗುತ್ತಿದ್ದೇನೆ. ನಗುತ್ತಲೇ ಕೂಸಿನ ಬೆರಳುಗಳನ್ನು ಬಿಡಿಸಿ, ಚಪ್ಪಲಿಯನ್ನು ಅವನ ಕಾಲ ಬಳಿ ಇಟ್ಟು, ಚೀಲ ಎತ್ತಿಕೊಂಡೆ.